ತಿಂದ ಪ್ರೋಟೀನ್ ಮೈಯೊಳಗೆ ಏನಾಗುತ್ತದೆ, ಏನು ಮಾಡುತ್ತದೆ

ಈಗ ಅಂಗಡಿಗೆ ಹೋದರೆ ಬಿಸ್ಕತ್ತು, ಲಸ್ಸಿ, ಬ್ರೆಡ್ಡು, ಚಿಪ್ಸು ಎಲ್ಲದರ ಮೇಲೂ 'ಹೈ ಪ್ರೋಟೀನ್' ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ನಮ್ಮ ಕೆಎಂಎಫ್ ಕೂಡ 2024ರ ಡಿಸೆಂಬರ್‌ನಲ್ಲಿ ನಂದಿನಿ ಇಡ್ಲಿ-ದೋಸೆ ಹಿಟ್ಟನ್ನು ಮಾರುಕಟ್ಟೆಗೆ ತಂದಾಗ ಅದಕ್ಕೆ ಶೇ. 5ರಷ್ಟು ವ್ಹೇ ಎಂಬ ಹಾಲಿನ ಪ್ರೋಟೀನ್ ಸೇರಿಸಿತ್ತು. ಜಿಮ್‌ಗೆ ಹೋಗುವ ಹುಡುಗನಿಂದ ಹಿಡಿದು ಮಂಡಿನೋವಿನ ಅಜ್ಜಿಯವರೆಗೆ ಎಲ್ಲರಿಗೂ ಯಾರಾದರೂ ಒಬ್ಬರು "ಪ್ರೋಟೀನ್ ಜಾಸ್ತಿ ತಗೊಳ್ಳಿ" ಎಂದು ಹೇಳಿಯೇ ಇರುತ್ತಾರೆ.

ಪ್ಯಾಕೆಟ್ ಮೇಲೆ ಇರುವುದು ಗ್ರಾಂ ಲೆಕ್ಕ ಮಾತ್ರ. ಆ ಗ್ರಾಂ ಹೊಟ್ಟೆ ಸೇರಿದ ಮೇಲೆ ಏನಾಗುತ್ತದೆ ಅನ್ನುವುದನ್ನು ಅದು ಹೇಳುವುದಿಲ್ಲ. ಪ್ರೋಟೀನ್ ಅಂದರೆ ತೋಳಿನ ಮಾಂಸಖಂಡ ಎಂದುಕೊಂಡರೆ ಅರ್ಧಕ್ಕಿಂತ ಕಡಿಮೆ ತಿಳಿದ ಹಾಗೆ. ಉಸಿರಿನ ಆಮ್ಲಜನಕವನ್ನು ರಕ್ತದಲ್ಲಿ ಹೊರುವುದು ಪ್ರೋಟೀನ್. ಅನ್ನವನ್ನು ಕರಗಿಸುವುದು ಪ್ರೋಟೀನ್. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು, ಕಣ್ಣಲ್ಲಿ ಬೆಳಕು ಹಿಡಿಯುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಮಿಂಚುಹುಳುವನ್ನು ಮಿನುಗಿಸುವುದು, ನಾಗರಹಾವಿನ ಕಡಿತವನ್ನು ಪ್ರಾಣಾಂತಿಕ ಮಾಡುವುದು, ಇವೆಲ್ಲವೂ ಅದೇ. ಒಂದೇ ಬಗೆಯ ವಸ್ತು ಇಷ್ಟೊಂದು ಬೇರೆ ಬೇರೆ ಕೆಲಸ ಹೇಗೆ ಮಾಡುತ್ತದೆ? ಉತ್ತರ ಇರುವುದು ಅದರ ಆಕಾರದಲ್ಲಿ.

20 ಬಗೆಯ ಮಣಿ, ಒಂದು ಸರ

ಪ್ರೋಟೀನನ್ನು ಒಂದು ಮಣಿಸರ ಎಂದುಕೊಳ್ಳಿ. ಆ ಮಣಿಗಳ ಹೆಸರು ಅಮೈನೊ ಆಮ್ಲ. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ ಸೇರಿ ಆದ ಪುಟ್ಟ ಅಣುಗಳಿವು. ಎರಡು ಬಗೆಯ ಮಣಿಗಳಲ್ಲಿ ಗಂಧಕವೂ ಇದೆ. ಬೂಸ್ಟು ಹಿಡಿಯುವ ಶಿಲೀಂಧ್ರದಿಂದ ಆನೆಯವರೆಗೆ, ಹೊಲದ ರಾಗಿಯಿಂದ ನಮ್ಮವರೆಗೆ, ಎಲ್ಲ ಜೀವಿಗಳೂ ಬಳಸುವುದು ಮುಖ್ಯವಾಗಿ ಇದೇ 20 ಬಗೆಯ ಮಣಿ. ಯಾವ ಮಣಿಯ ಪಕ್ಕ ಯಾವುದು ಬರುತ್ತದೆ, ಒಟ್ಟು ಎಷ್ಟು ಬರುತ್ತವೆ ಎಂಬುದರ ಮೇಲೆ ಅದು ಯಾವ ಪ್ರೋಟೀನ್ ಎಂಬುದು ತೀರ್ಮಾನವಾಗುತ್ತದೆ.

ಇನ್ಸುಲಿನ್‌ನಲ್ಲಿ ಇರುವುದು ಬರೀ 51 ಮಣಿ. ನಮ್ಮ ಸ್ನಾಯುಗಳಲ್ಲಿರುವ ಟೈಟಿನ್ ಎಂಬ ಪ್ರೋಟೀನ್‌ನಲ್ಲಿ ಸುಮಾರು 34,000 ಇವೆ. ಉಳಿದವು ಹೆಚ್ಚಾಗಿ ಕೆಲವು ನೂರರ ಆಸುಪಾಸಿನಲ್ಲಿರುತ್ತವೆ. ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಜೀನ್‌ಗಳು ಸುಮಾರು 20,000. ಅವು ತಯಾರಾದ ಮೇಲೆ ಕತ್ತರಿಸಿಕೊಂಡು, ಸಕ್ಕರೆ-ರಂಜಕ ಅಂಟಿಸಿಕೊಂಡು ಇನ್ನೂ ಹಲವು ರೂಪ ಪಡೆಯುತ್ತವೆ.

ಸರ ತಾನೇ ಮಡಚಿಕೊಳ್ಳುತ್ತದೆ

ಉದ್ದನೆಯ ಸರವಾಗಿಯೇ ಉಳಿದರೆ ಪ್ರೋಟೀನ್‌ಗೆ ಕೆಲಸವಿಲ್ಲ. ತಯಾರಾಗುತ್ತಿದ್ದಂತೆ ಅದು ಸುರುಳಿಯಾಗಿ, ಮಡಚಿ, ಒಂದು ನಿರ್ದಿಷ್ಟ ಆಕಾರಕ್ಕೆ ಬರುತ್ತದೆ. ಯಾರೂ ಹಿಡಿದು ಮಡಚಬೇಕಾಗಿಲ್ಲ. ಏಕೆಂದರೆ ಮಣಿಗಳಿಗೆ ಒಂದೊಂದು ಸ್ವಭಾವ ಇದೆ. ಕೆಲವಕ್ಕೆ ನೀರು ಇಷ್ಟ, ಕೆಲವಕ್ಕೆ ನೀರು ಕಂಡರಾಗದು. ಕೆಲವು ಧನ ವಿದ್ಯುದಂಶದವು, ಕೆಲವು ಋಣ. ಜೀವಕೋಶದ ತುಂಬ ನೀರಿರುವುದರಿಂದ ನೀರಿಗೆ ಆಗದ ಮಣಿಗಳು ಒಳಗೆ ಅವಿತುಕೊಳ್ಳುತ್ತವೆ, ನೀರು ಇಷ್ಟಪಡುವವು ಹೊರಗೆ ನಿಲ್ಲುತ್ತವೆ, ವಿರುದ್ಧ ವಿದ್ಯುದಂಶದವು ಒಂದನ್ನೊಂದು ಎಳೆದುಕೊಳ್ಳುತ್ತವೆ. ಈ ಎಳೆದಾಟವೆಲ್ಲ ಮುಗಿದ ಮೇಲೆ ಉಳಿಯುವುದೇ ಆ ಪ್ರೋಟೀನ್‌ನ ಆಕಾರ.

ಇದನ್ನು ತೋರಿಸಿಕೊಟ್ಟವರು ಅಮೆರಿಕದ ಕ್ರಿಶ್ಚಿಯನ್ ಅನ್‌ಫಿನ್ಸೆನ್. ರೈಬೋನ್ಯೂಕ್ಲಿಯೇಸ್ ಎಂಬ ಪ್ರೋಟೀನನ್ನು ಅವರು ರಾಸಾಯನಿಕ ಹಾಕಿ ಪೂರ್ತಿ ಬಿಚ್ಚಿದರು. ಅದು ಕೆಲಸ ನಿಲ್ಲಿಸಿತು. ರಾಸಾಯನಿಕ ತೆಗೆದಾಗ ಮತ್ತೆ ಮೊದಲಿನಂತೆಯೇ ಮಡಚಿಕೊಂಡು ಕೆಲಸ ಶುರು ಮಾಡಿತು. ಅಂದರೆ ಹೇಗೆ ಮಡಚಿಕೊಳ್ಳಬೇಕು ಎಂಬ ಮಾಹಿತಿ ಮಣಿಗಳ ಸಾಲಿನಲ್ಲಿಯೇ ಇದೆ. ಇದಕ್ಕೆ 1972ರಲ್ಲಿ ನೊಬೆಲ್ ಬಂತು. (ಜೀವಕೋಶದೊಳಗೆ ಜಾಗ ಇಕ್ಕಟ್ಟು. ಹಾಗಾಗಿ ಅಲ್ಲಿ ಕೆಲವು ಪ್ರೋಟೀನ್‌ಗಳಿಗೆ ಮಡಚಿಕೊಳ್ಳಲು ಬೇರೆ ಪ್ರೋಟೀನ್‌ಗಳ ನೆರವು ಬೇಕಾಗುತ್ತದೆ.)

ಈ ವಿಷಯದಲ್ಲಿ ನಮ್ಮ ಕಡೆಯ ಒಂದು ದೊಡ್ಡ ಹೆಸರು ಜಿ.ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ವಿದ್ಯಾರ್ಥಿಯಾಗಿದ್ದವರು. ಮುಂದೆ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ, 1954ರಲ್ಲಿ, ಗೋಪಿನಾಥ್ ಕರ್ತಾ ಜೊತೆ ಸೇರಿ, ಚರ್ಮ-ಮೂಳೆಗಳಲ್ಲಿರುವ ಪ್ರೋಟೀನ್ ಆದ ಕೊಲಾಜೆನ್‌ನ ಮೂರೆಳೆಯ ಹುರಿಯ ರಚನೆಯನ್ನು ಮುಂದಿಟ್ಟರು. ಆಮೇಲೆ ಅವರ ತಂಡ ಕೇಳಿಕೊಂಡ ಪ್ರಶ್ನೆ ಬಹಳ ಸರಳವಾದದ್ದು. ಸರದಲ್ಲಿ ಪ್ರತಿ ಮಣಿಯ ಎರಡೂ ಬದಿಗೆ ತಿರುಗಬಲ್ಲ ಕೀಲು ಇದೆ, ಆದರೆ ಯಾವ ಕೋನಕ್ಕೆ ಬೇಕಾದರೂ ತಿರುಗಲು ಆಗುತ್ತದೆಯೇ? ಆಗುವುದಿಲ್ಲ. ಕೆಲವು ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕೋನ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು 1963ರಲ್ಲಿ ಅವರು ಒಂದು ನಕ್ಷೆ ಬರೆದರು. ಅದೇ 'ರಾಮಚಂದ್ರನ್ ಪ್ಲಾಟ್'. ಇವತ್ತಿಗೂ ಜಗತ್ತಿನ ಯಾವುದೇ ಪ್ರಯೋಗಾಲಯ ಹೊಸ ಪ್ರೋಟೀನ್‌ನ ಆಕಾರ ಕಂಡುಹಿಡಿದರೆ, ಅದು ಸರಿ ಇದೆಯೇ ಎಂದು ಈ ನಕ್ಷೆಯ ಮೇಲಿಟ್ಟು ನೋಡುತ್ತದೆ. ಮುಂದೆ ರಾಮಚಂದ್ರನ್ ಬೆಂಗಳೂರಿಗೇ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಇದೇ ಅಧ್ಯಯನಕ್ಕೆ ಒಂದು ಪ್ರತ್ಯೇಕ ವಿಭಾಗ ಕಟ್ಟಿದರು.

ಆಕಾರ ಕಂಡುಹಿಡಿಯುವುದು ಸುಲಭದ ಕೆಲಸ ಆಗಿರಲಿಲ್ಲ. ಪ್ರೋಟೀನನ್ನು ಹರಳುಗಟ್ಟಿಸಿ, ಎಕ್ಸ್‌ರೇ ಹಾಯಿಸಿ, ಲೆಕ್ಕ ಹಾಕಿ ವರ್ಷಗಟ್ಟಲೆ ಕೂರಬೇಕಿತ್ತು. ಮೊಟ್ಟಮೊದಲು 1958ರಲ್ಲಿ ಸಿಕ್ಕಿದ್ದು ತಿಮಿಂಗಿಲದ ಮಾಂಸದಿಂದ ತೆಗೆದ, ಸ್ನಾಯುವಿನ ಪ್ರೋಟೀನ್ ಆದ ಮಯೋಗ್ಲೋಬಿನ್‌ನ ಆಕಾರ. 2020ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ತಂಡದ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಂ ಬರೀ ಮಣಿಗಳ ಸಾಲು ನೋಡಿ ಆಕಾರವನ್ನು ಬಹುತೇಕ ನಿಖರವಾಗಿ ಊಹಿಸಿತು. ಈಗ ಸುಮಾರು 20 ಕೋಟಿ ಪ್ರೋಟೀನ್‌ಗಳ ಊಹಿತ ಆಕಾರ ಯಾರು ಬೇಕಾದರೂ ಪುಕ್ಕಟೆ ನೋಡುವಂತಿದೆ. ಇದಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನ್‌ಗಳನ್ನೇ ವಿನ್ಯಾಸ ಮಾಡಿದ್ದಕ್ಕಾಗಿ ಡೇವಿಡ್ ಬೇಕರ್, ಈ ಮೂವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಬೇಯಿಸಿದ ಮೊಟ್ಟೆ, ಹೆಪ್ಪು ಹಾಕಿದ ಹಾಲು

ಆಕಾರ ಕೆಟ್ಟರೆ ಏನಾಗುತ್ತದೆ ಎಂದು ನೋಡಲು ಮೊಟ್ಟೆ ಬೇಯಿಸಿದರೆ ಸಾಕು. ಬಿಳಿ ಭಾಗದಲ್ಲಿ ಇರುವುದು ಹೆಚ್ಚಾಗಿ ನೀರು, ಉಳಿದದ್ದು ಬಹುತೇಕ ಪ್ರೋಟೀನ್. ಬಿಸಿ 60 ಡಿಗ್ರಿ ದಾಟುತ್ತಿದ್ದಂತೆ ಅವುಗಳ ಮಡಿಕೆ ಬಿಚ್ಚತೊಡಗುತ್ತದೆ. ಒಳಗೆ ಅವಿತಿದ್ದ, ನೀರಿಗೆ ಆಗದ ಮಣಿಗಳು ಹೊರಬೀಳುತ್ತವೆ. ಅವು ಪಕ್ಕದ ಸರಗಳ ಅಂಥದೇ ಮಣಿಗಳಿಗೆ ಅಂಟಿಕೊಂಡು ಬಲೆ ಕಟ್ಟುತ್ತವೆ. ಪಾರದರ್ಶಕ ಲೋಳೆ ಬೆಳ್ಳಗೆ ಗಟ್ಟಿಯಾಗುತ್ತದೆ. ತಣ್ಣಗಾದರೂ ಹಿಂದಕ್ಕೆ ಬರುವುದಿಲ್ಲ. ಸರ ತುಂಡಾಗಿಲ್ಲ, ಒಂದು ಮಣಿಯೂ ಕಳೆದಿಲ್ಲ. ಆದ್ದರಿಂದ ಬೇಯಿಸಿದರೆ ಪ್ರೋಟೀನ್ ಹಾಳಾಗುತ್ತದೆ ಎಂಬ ಭಯ ಬೇಡ. ಆಹಾರವಾಗಿ ಅದು ಹಾಗೇ ಇದೆ, ಬಿಚ್ಚಿಕೊಂಡಿರುವುದರಿಂದ ಜೀರ್ಣವಾಗುವುದೂ ಸುಲಭ.

ಮೊಸರಿನ ಕಥೆ ಸ್ವಲ್ಪ ಬೇರೆ. ಹಾಲಿನ ಪ್ರೋಟೀನ್‌ನಲ್ಲಿ ಸುಮಾರು ಶೇ. 80 ಕೇಸೀನ್. ಅದು ಕಣ್ಣಿಗೆ ಕಾಣದ ಗುಂಡು ಗುಂಡು ಕಣಗಳಾಗಿ ತೇಲುತ್ತಿರುತ್ತದೆ. ಎಲ್ಲ ಕಣಗಳ ಮೇಲೂ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಹುಳಿ ಏರಿದಂತೆ ಆ ವಿದ್ಯುದಂಶ ಅಳಿಯುತ್ತದೆ. ತಳ್ಳುವ ಬಲ ಹೋದ ಮೇಲೆ ಕಣಗಳು ಅಂಟಿಕೊಂಡು ನೀರನ್ನು ನಡುವೆ ಹಿಡಿದು ನಿಲ್ಲುತ್ತವೆ. ಕಾಯಿಸಿದ ಹಾಲಿನ ಮೊಸರು ಗಟ್ಟಿಯಾಗಿ ಬರುವುದು ಯಾಕೆ? ಕಾಯಿಸಿದಾಗ ಹಾಲಿನಲ್ಲಿರುವ ಉಳಿದ ಪ್ರೋಟೀನ್‌ಗಳ ಮಡಿಕೆಯೂ ಬಿಚ್ಚಿ ಕೇಸೀನ್‌ಗೆ ಅಂಟಿಕೊಳ್ಳುತ್ತವೆ, ಬಲೆ ಬಿಗಿಯಾಗುತ್ತದೆ.

ಆ ಉಳಿದ ಶೇ. 20 ಭಾಗವೇ ವ್ಹೇ. ಪನೀರ್ ಅಥವಾ ಚೀಸ್ ಮಾಡುವಾಗ ಬೇರೆಯಾಗುವ ತಿಳಿನೀರಿನಲ್ಲಿ ಇದಿರುತ್ತದೆ. ಆ ನೀರನ್ನು ಸೋಸಿ ಒಣಗಿಸಿದ್ದನ್ನೇ ಜಿಮ್ ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುವುದು.

ಒಂದೇ ಒಂದು ಮಣಿ ಬದಲಾದರೆ

ಕೆಂಪು ರಕ್ತಕಣದ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ಒಂದೊಂದು ರಕ್ತಕಣದಲ್ಲಿ ಇದರ ಅಣುಗಳು 25 ಕೋಟಿಗೂ ಹೆಚ್ಚು. ಒಂದು ಹಿಮೋಗ್ಲೋಬಿನ್ ಅಂದರೆ ನಾಲ್ಕು ಸರಗಳು ಒಂದಾಗಿ ಕೂತ ಗುಂಪು. ಪ್ರತಿ ಸರದ ಮಡಿಲಲ್ಲೂ ಒಂದು ಕಬ್ಬಿಣದ ಪರಮಾಣು, ಅದರ ಮೇಲೆ ಆಮ್ಲಜನಕ ಬಂದು ಕೂರುತ್ತದೆ. ಜಾಣತನ ಇರುವುದು ಇಲ್ಲಿ: ಒಂದು ಸರದಲ್ಲಿ ಆಮ್ಲಜನಕ ಕೂತ ಕೂಡಲೇ ಇಡೀ ಗುಂಪಿನ ಆಕಾರ ಸ್ವಲ್ಪ ಬದಲಾಗುತ್ತದೆ, ಉಳಿದ ಮೂರಕ್ಕೆ ಆಮ್ಲಜನಕ ಹಿಡಿಯುವುದು ಸಲೀಸಾಗುತ್ತದೆ. ಶ್ವಾಸಕೋಶದಲ್ಲಿ ಹೀಗೆ ಬೇಗ ತುಂಬಿಕೊಳ್ಳುತ್ತದೆ. ಕೆಲಸ ಮಾಡುತ್ತಿರುವ ಸ್ನಾಯುವಿನ ಹತ್ತಿರ, ಆಮ್ಲಜನಕ ಕಡಿಮೆ ಇರುವಲ್ಲಿ, ಅಷ್ಟೇ ಬೇಗ ಇಳಿಸುತ್ತದೆ.

ನಾಲ್ಕು ಸರಗಳಲ್ಲಿ ಎರಡನ್ನು ಬೀಟಾ ಎನ್ನುತ್ತಾರೆ. ಒಂದೊಂದರಲ್ಲಿ 146 ಮಣಿ. ಅದರಲ್ಲಿ 6ನೆಯದು ಗ್ಲುಟಾಮಿಕ್ ಆಮ್ಲ, ನೀರು ಇಷ್ಟಪಡುವ ಮಣಿ. ಕೆಲವರಲ್ಲಿ ಅದರ ಜಾಗದಲ್ಲಿ ವ್ಯಾಲಿನ್ ಇರುತ್ತದೆ, ಅದಕ್ಕೆ ನೀರು ಆಗದು. 146ರಲ್ಲಿ ಒಂದು, ಅಷ್ಟೇ ವ್ಯತ್ಯಾಸ. ಆದರೆ ಈ ಮಣಿ ಹೊರಮೈಯಲ್ಲಿದೆ. ಆಮ್ಲಜನಕ ಇಳಿಸಿದ ಮೇಲೆ ಪಕ್ಕದ ಹಿಮೋಗ್ಲೋಬಿನ್‌ನಲ್ಲಿರುವ ಒಂದು ತಗ್ಗಿಗೆ ಅದು ಹೋಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು, ಮತ್ತೊಂದು. ರಕ್ತಕಣದೊಳಗೆ ಉದ್ದನೆಯ ಗಡುಸು ನಾರುಗಳು ಬೆಳೆಯುತ್ತವೆ. ದುಂಡಗೆ ಮೆತ್ತಗಿದ್ದ ಕಣ ಕುಡುಗೋಲಿನಂತೆ ಬಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಹರಿವನ್ನು ತಡೆಯುತ್ತದೆ. ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾರದ ನೋವು ಬರುತ್ತದೆ. ಸಹಜವಾಗಿ 120 ದಿನ ಬದುಕಬೇಕಾದ ರಕ್ತಕಣ 10-20 ದಿನಕ್ಕೇ ಒಡೆದುಹೋಗುವುದರಿಂದ ರಕ್ತಹೀನತೆ ತಪ್ಪುವುದಿಲ್ಲ. ಇದೇ ಸಿಕಲ್ ಸೆಲ್ ಕಾಯಿಲೆ.

ಭಾರತದಲ್ಲಿ ಇದು ಮೊದಲು ದಾಖಲಾಗಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಆ ಬೆಟ್ಟಗಳ ಈಚೆಗಿನ ಚಾಮರಾಜನಗರ, ಮೈಸೂರು, ಕೊಡಗು ಕಡೆಯ ಬುಡಕಟ್ಟು ಸಮುದಾಯಗಳಲ್ಲೂ ಇದೆ. ತಂದೆ-ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಮಾತ್ರ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅಷ್ಟೇ ಅಲ್ಲ, ತೀವ್ರ ಮಲೇರಿಯಾದಿಂದ ಅವರಿಗೆ ಒಂದಷ್ಟು ರಕ್ಷಣೆಯೂ ಇದೆ. ಮಲೇರಿಯಾ ಹೆಚ್ಚಿದ್ದ ಕಾಡುಸೀಮೆಗಳಲ್ಲಿ ಈ ಜೀನ್ ತಲೆಮಾರುಗಳಿಂದ ಉಳಿದುಕೊಂಡು ಬಂದಿರುವುದಕ್ಕೆ ಅದೇ ಕಾರಣ. ಆದರೆ ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಾಧ್ಯತೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಶುರು ಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರ ರಕ್ತಪರೀಕ್ಷೆಯ ಗುರಿ ಇಟ್ಟುಕೊಂಡಿದೆ. ಕರ್ನಾಟಕವೂ ಅದರಲ್ಲಿದೆ.

ಇನ್ನೊಂದು ಸ್ವಾರಸ್ಯ. ಈ ಕಾಯಿಲೆಯ ಮಕ್ಕಳಿಗೆ ಹುಟ್ಟಿದ ಮೊದಲ ಕೆಲವು ತಿಂಗಳು ತೊಂದರೆ ಕಾಣುವುದಿಲ್ಲ. ಗರ್ಭದಲ್ಲಿರುವಾಗ ಮಗು ಬೇರೆಯೇ ಹಿಮೋಗ್ಲೋಬಿನ್ ಬಳಸುತ್ತದೆ, ಅದರಲ್ಲಿ ಬೀಟಾ ಸರವೇ ಇಲ್ಲ. ವೈದ್ಯರು ಕೊಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಆ ಹಳೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುತ್ತದೆ.

ಅನಾನಸ್ ಗೊಜ್ಜಿನಲ್ಲಿ ಇಲ್ಲದ್ದು, ಹಸಿ ಅನಾನಸ್‌ನಲ್ಲಿ ಇರುವುದು

ಪ್ರೋಟೀನ್‌ಗಳಲ್ಲಿ ಒಂದು ದೊಡ್ಡ ಗುಂಪು ಕಿಣ್ವಗಳದ್ದು. ರಾಸಾಯನಿಕ ಕ್ರಿಯೆಗಳನ್ನು ಬೇಗ ಆಗಿಸುವುದು ಇವುಗಳ ಕೆಲಸ. ಮಡಚಿಕೊಂಡ ಸರದಲ್ಲಿ ಒಂದು ಕಡೆ ತಗ್ಗು ಇರುತ್ತದೆ. ಆ ತಗ್ಗಿಗೆ ಹೊಂದುವ ಅಣು ಬಂದು ಕೂತರೆ ಅದನ್ನು ಮುರಿಯುವುದೋ ಜೋಡಿಸುವುದೋ ಆಗುತ್ತದೆ. ಮುಗಿದ ಕೂಡಲೇ ಬಿಟ್ಟು ಮುಂದಿನದನ್ನು ಹಿಡಿಯುತ್ತದೆ. ರಕ್ತಕಣದಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗುವ ರೂಪಕ್ಕೆ ತರುವ ಒಂದು ಕಿಣ್ವ ಸೆಕೆಂಡಿಗೆ 10 ಲಕ್ಷದಷ್ಟು ಅಣುಗಳನ್ನು ಮುಗಿಸಬಲ್ಲದು.

ಬರೀ ಅನ್ನವನ್ನು ಸುಮ್ನೆ ಸ್ವಲ್ಪ ಹೊತ್ತು ಅಗಿಯುತ್ತಾ ಇದ್ದರೆ ಸಿಹಿಯಾಗುತ್ತದೆ ಅಲ್ವಾ? ಎಂಜಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತಿದೆ ಅಂತ ಅರ್ಥ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ಬೆಳೆದಂತೆ ಹಲವರಲ್ಲಿ ಕಡಿಮೆಯಾಗುತ್ತದೆ. ಅಂಥವರಿಗೆ ಒಂದು ಲೋಟ ಹಾಲು ಹೊಟ್ಟೆ ಉಬ್ಬರಿಸುತ್ತದೆ, ಮೊಸರು ಅಷ್ಟು ತೊಂದರೆ ಕೊಡುವುದಿಲ್ಲ. ಅದರ ಸಕ್ಕರೆಯಲ್ಲಿ ಒಂದು ಪಾಲನ್ನು ಬ್ಯಾಕ್ಟೀರಿಯಾ ಆಗಲೇ ತಿಂದಿರುತ್ತದೆ.

ಹಸಿ ಅನಾನಸ್‌ನಲ್ಲಿ ಬ್ರೊಮಿಲೇನ್ ಎಂಬ ಕಿಣ್ವ ಇದೆ. ಪ್ರೋಟೀನ್ ಸರವನ್ನು ತುಂಡರಿಸುವ ಪ್ರೋಟೀನ್ ಅದು. ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೆ ಅದೂ ಒಂದು ಕಾರಣ. ಹಸಿ ಹಣ್ಣನ್ನು ಹಾಲು-ಮೊಸರಿಗೆ ಹಾಕಿ ಇಟ್ಟರೆ ಕೇಸೀನ್ ತುಂಡಾಗಿ ಕಹಿ ಬರುತ್ತದೆ. ಗೊಜ್ಜಿಗೆ ಆ ಕಾಟ ಇಲ್ಲ. ಕುದಿಸಿದಾಗ ಕಿಣ್ವದ ಮಡಿಕೆಯೇ ಬಿಚ್ಚಿಹೋಗಿರುತ್ತದೆ. ಮಟನ್ ಬೇಗ ಬೇಯಲೆಂದು ಪರಂಗಿಕಾಯಿ ಅರೆದು ಹಾಕುವುದೂ ಇದೇ ಲೆಕ್ಕ, ಅಲ್ಲಿ ಕೆಲಸ ಮಾಡುವುದು ಪಪೇನ್.

ರೇಷ್ಮೆ, ಕೂದಲು, ಹಾವಿನ ವಿಷ

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡು ಪೂರ್ತಿ ಪ್ರೋಟೀನ್ ಎಂದೇ ಹೇಳಬಹುದು. ಒಳಗಿನ ಎಳೆ ಫೈಬ್ರಾಯಿನ್, ಅದರ ಮೇಲಿನ ಅಂಟು ಸೆರಿಸಿನ್. ಬಿಸಿನೀರಿನಲ್ಲಿ ಅಂಟು ಸಡಿಲವಾಗುವುದರಿಂದಲೇ ನೂಲು ಬಿಚ್ಚಲು ಆಗುವುದು. ಒಳ್ಳೆಯ ಗೂಡಿನಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಬರುತ್ತದೆ. ಫೈಬ್ರಾಯಿನ್‌ನಲ್ಲಿ ಗ್ಲೈಸಿನ್, ಅಲನಿನ್ ಎಂಬ ಪುಟ್ಟ ಮಣಿಗಳೇ ಮತ್ತೆ ಮತ್ತೆ ಬರುತ್ತವೆ. ಪುಟ್ಟವಾದ್ದರಿಂದ ಸರಗಳು ಒಂದರ ಪಕ್ಕ ಒಂದು ಹಾಳೆಯಂತೆ ಒತ್ತಿ ಕೂರುತ್ತವೆ. ರೇಷ್ಮೆಯ ಗಟ್ಟಿತನ ಬಂದದ್ದು ಅಲ್ಲಿಂದ.

ಕೂದಲು, ಉಗುರು, ಗೊರಸು, ಕೊಂಬು, ನವಿಲುಗರಿ ಎಲ್ಲ ಕೆರಾಟಿನ್. ಇದರಲ್ಲಿ ಗಂಧಕದ ಮಣಿಗಳು ಜಾಸ್ತಿ, ಅವು ಸರದಿಂದ ಸರಕ್ಕೆ ಬೆಸುಗೆ ಹಾಕುತ್ತವೆ. ಕೂದಲು ಸುಟ್ಟರೆ ಬರುವ ಕೆಟ್ಟ ವಾಸನೆ ಆ ಗಂಧಕದ್ದು.

ಹಾವಿನ ವಿಷವೂ ಹೆಚ್ಚಿನ ಪಾಲು ಪ್ರೋಟೀನೇ. ನಾಗರಹಾವಿನ ವಿಷದಲ್ಲಿರುವ, 60-70 ಮಣಿಗಳ ಪುಟ್ಟ ಪ್ರೋಟೀನ್‌ಗಳು ನರ ಕೊಟ್ಟ ಸೂಚನೆಯನ್ನು ಸ್ನಾಯು ಸ್ವೀಕರಿಸುವ ಜಾಗದಲ್ಲಿ ಹೋಗಿ ಕೂತುಬಿಡುತ್ತವೆ. ಸೂಚನೆ ತಲುಪುವುದಿಲ್ಲ, ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕೊಳಕುಮಂಡಲದ ವಿಷದಲ್ಲಿರುವುದು ಹೆಚ್ಚಾಗಿ ಕಿಣ್ವಗಳು. ಅವು ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಇದಕ್ಕೆ ಮದ್ದೂ ಪ್ರೋಟೀನೇ. ಕುದುರೆಗೆ ವಿಷವನ್ನು ತೀರಾ ಕಡಿಮೆ ಪ್ರಮಾಣದಲ್ಲಿ ಚುಚ್ಚಿ, ಅದರ ರಕ್ತದಲ್ಲಿ ತಯಾರಾಗುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಅವು ವಿಷದ ಪ್ರೋಟೀನ್‌ಗೆ ಅಂಟಿಕೊಂಡು ಅದು ಎಲ್ಲಿಯೂ ಕೂರದಂತೆ ಮಾಡುತ್ತವೆ. ಆ ವಿಷದಲ್ಲಿ ಹೆಚ್ಚಿನದನ್ನು ಹಾವುಗಳಿಂದ ತೆಗೆದುಕೊಡುವವರು ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದವರು. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಇದೆ.

ಸರ ಪೋಣಿಸುವುದು ಎಲ್ಲಿ?

ಯಾವ ಮಣಿ ಆದಮೇಲೆ ಯಾವುದು ಎಂದು ಬರೆದಿರುವುದು ಡಿಎನ್‌ಎಯಲ್ಲಿ. ಅಲ್ಲಿ ನಾಲ್ಕು ಬಗೆಯ ಗುರುತು. ಮೂರು ಮೂರು ಗುರುತು ಸೇರಿದರೆ ಒಂದು ಮಣಿಯ ಸೂಚನೆ. ಬೇಕಾದ ಭಾಗದ ನಕಲು ಎಂ-ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ. ರೈಬೋಸೋಮ್ ಎಂಬ ರಚನೆ ಅದನ್ನು ಮೂರು ಮೂರಾಗಿ ಓದುತ್ತಾ, ಸೆಕೆಂಡಿಗೆ ಐದಾರು ಮಣಿಗಳಂತೆ ಸೇರಿಸುತ್ತಾ ಹೋಗುತ್ತದೆ. ಹಿಮೋಗ್ಲೋಬಿನ್‌ನ ಒಂದು ಸರ ಒಂದು ನಿಮಿಷದೊಳಗೆ ಮುಗಿಯುತ್ತದೆ. ಈ ರೈಬೋಸೋಮ್‌ನ ರಚನೆ ಬಿಡಿಸಿದ್ದಕ್ಕೆ 2009ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್ ಒಬ್ಬರು. ಕೋವಿಡ್ ಕಾಲದಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರ ದೇಹದಲ್ಲೂ ಇದೇ ಕೆಲಸ ನಡೆದಿತ್ತು. ಲಸಿಕೆ ತಂದದ್ದು ವೈರಸ್‌ನ ಒಂದು ಪ್ರೋಟೀನ್‌ನ ಸೂಚನೆ ಮಾತ್ರ, ಅದನ್ನು ತಯಾರಿಸಿದ್ದು ಅವರದೇ ಜೀವಕೋಶಗಳು.

ಈ ಮೂರು ಗುರುತಿನ ಭಾಷೆ ಬಹುತೇಕ ಎಲ್ಲ ಜೀವಿಗಳಿಗೂ ಒಂದೇ. ಹಾಗಾಗಿ ಮನುಷ್ಯನ ಜೀನನ್ನು ಯೀಸ್ಟ್‌ಗೆ ಸೇರಿಸಿದರೆ ಅದು ಮನುಷ್ಯನ ಪ್ರೋಟೀನನ್ನೇ ಮಾಡಿಕೊಡುತ್ತದೆ. ಮೊದಲೆಲ್ಲ ಸಕ್ಕರೆ ಕಾಯಿಲೆಯವರಿಗೆ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್ ಕೊಡುತ್ತಿದ್ದರು. ನಮ್ಮದಕ್ಕೂ ಹಂದಿಯದಕ್ಕೂ ಒಂದೇ ಮಣಿ ವ್ಯತ್ಯಾಸ, ದನದ್ದಕ್ಕೆ ಮೂರು. 1982ರಲ್ಲಿ ಬ್ಯಾಕ್ಟೀರಿಯಾದಲ್ಲಿ ತಯಾರಾದ ಮಾನವ ಇನ್ಸುಲಿನ್ ಅಮೆರಿಕದಲ್ಲಿ ಬಳಕೆಗೆ ಬಂತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ತೆಗೆದ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು.

ಇನ್ಸುಲಿನ್ ತಾನೇ ಸಕ್ಕರೆಯನ್ನು ಸುಡುವುದಿಲ್ಲ. ಜೀವಕೋಶದ ಹೊರಮೈಯಲ್ಲಿ ಅದನ್ನು ಹಿಡಿಯಲೆಂದೇ ಇನ್ನೊಂದು ಪ್ರೋಟೀನ್ ಇದೆ. ಇನ್ಸುಲಿನ್ ಅಲ್ಲಿ ಕೂತಾಗ ಒಳಗೆ ಸುದ್ದಿ ಹೋಗುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಸಕ್ಕರೆಯನ್ನು ಒಳಗೆ ಬಿಡುವ ಮೂರನೆಯ ಪ್ರೋಟೀನ್ ಮೇಲಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ರಕ್ತದ ಸಕ್ಕರೆ ಇಳಿಯುತ್ತದೆ.

ಹಾಗಾದರೆ ತಿಂದದ್ದು ಎಲ್ಲಿಗೆ ಹೋಗುತ್ತದೆ?

ಇನ್ಸುಲಿನನ್ನು ಮಾತ್ರೆಯಾಗಿ ಯಾಕೆ ನುಂಗಬಾರದು? ಹೊಟ್ಟೆಗೆ ಅದು ಔಷಧಿ ಎಂದು ಗೊತ್ತಾಗುವುದಿಲ್ಲ. ಬೇಳೆ, ಮೊಟ್ಟೆ, ಇನ್ಸುಲಿನ್ ಎಲ್ಲವೂ ಅದಕ್ಕೆ ಒಂದೇ. ಜಠರದ ಆಮ್ಲ ಮಡಿಕೆ ಬಿಚ್ಚುತ್ತದೆ. ಪೆಪ್ಸಿನ್, ಟ್ರಿಪ್ಸಿನ್ ಮುಂತಾದ ಕಿಣ್ವಗಳು ಸರವನ್ನು ಕತ್ತರಿಸುತ್ತವೆ. ಕರುಳಿನಿಂದ ರಕ್ತಕ್ಕೆ ಸೇರುವುದು ಬಿಡಿ ಮಣಿಗಳು ಮತ್ತು ಎಲ್ಲೋ ಕೆಲವು ತೀರಾ ಚಿಕ್ಕ ತುಂಡುಗಳು. ದೇಹ ಅವನ್ನು ತನಗೆ ಬೇಕಾದ ಕ್ರಮದಲ್ಲಿ ಮತ್ತೆ ಪೋಣಿಸಿಕೊಳ್ಳುತ್ತದೆ.

ಆದ್ದರಿಂದ ಕೊಲಾಜೆನ್ ಪೌಡರ್ ಕುಡಿದರೆ ಅದು ಕೊಲಾಜೆನ್ ಆಗಿಯೇ ಚರ್ಮಕ್ಕೋ ಮಂಡಿಗೋ ಹೋಗಿ ಕೂರುವುದಿಲ್ಲ. ಆ ಚಿಕ್ಕ ತುಂಡುಗಳಿಂದ ಚರ್ಮಕ್ಕೆ ಲಾಭ ಇದೆಯೇ ಎಂಬ ಬಗ್ಗೆ ಅಧ್ಯಯನಗಳು ಒಂದು ಮಾತಿಗೆ ಬಂದಿಲ್ಲ. ಬರೀ ಆಹಾರವಾಗಿ ನೋಡಿದರೆ ಕೊಲಾಜೆನ್ ಬಡ ಪ್ರೋಟೀನ್. ಟ್ರಿಪ್ಟೋಫಾನ್ ಎಂಬ ಅಗತ್ಯ ಮಣಿ ಅದರಲ್ಲಿ ಇಲ್ಲವೇ ಇಲ್ಲ. ದೇಹ ತನ್ನ ಕೊಲಾಜೆನನ್ನು ಗಟ್ಟಿಯಾಗಿ ಹುರಿಗೊಳಿಸಲು ವಿಟಮಿನ್ ಸಿ ಬೇಕು. ಅದಕ್ಕೆ ನೆಲ್ಲಿಕಾಯಿ, ಸೀಬೆಹಣ್ಣು ಸಾಕು.

20 ಮಣಿಗಳಲ್ಲಿ 9ನ್ನು ದೇಹ ತಾನಾಗಿ ತಯಾರಿಸಲಾರದು. ಅವು ಊಟದಿಂದಲೇ ಬರಬೇಕು. ಅಕ್ಕಿಯಲ್ಲಿ ಲೈಸಿನ್ ಎಂಬ ಮಣಿ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿ-ರಾಗಿಯಲ್ಲಿ ಅದು ಪರವಾಗಿಲ್ಲ. ಅನ್ನ-ಸಾರು, ಮುದ್ದೆ-ಹುರುಳಿಸಾರು, ಇಡ್ಲಿಯಲ್ಲಿ ಅಕ್ಕಿ-ಉದ್ದು, ಎಲ್ಲವೂ ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೋಡಿಗಳು. ಎರಡೂ ಒಂದೇ ತುತ್ತಿನಲ್ಲಿ ಇರಬೇಕೆಂದೂ ಇಲ್ಲ, ಆ ದಿನದ ಊಟದಲ್ಲಿ ಇದ್ದರಾಯಿತು.

ಎಷ್ಟು ಬೇಕು? ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. 60 ಕೆಜಿ ತೂಕದವರಿಗೆ ಸುಮಾರು 50 ಗ್ರಾಂ. ದಿನಕ್ಕೆ 250 ಗ್ರಾಂ ಅಕ್ಕಿ-ರಾಗಿ ಸೇರಿದರೆ ಸುಮಾರು 18 ಗ್ರಾಂ ಬಂತು. 60 ಗ್ರಾಂ ಬೇಳೆಯಿಂದ 13, ಎರಡು ಲೋಟ ಹಾಲು-ಮೊಸರಿನಿಂದ 13, ಒಂದು ಹಿಡಿ ಕಡಲೆಕಾಯಿಬೀಜದಿಂದ 7. ಮೊಟ್ಟೆ ತಿನ್ನುವವರಿಗೆ ಒಂದಕ್ಕೆ 6. ಲೆಕ್ಕ ಇಲ್ಲಿ ಸರಿಹೋಯಿತು, ಆದರೆ ತಟ್ಟೆಯಲ್ಲಿ ಅನ್ನದ ಗುಡ್ಡ, ಮೇಲೆ ತಿಳಿಸಾರು, ಬೇಳೆ ತಳದಲ್ಲಿ ಎಂದಾದರೆ ಸರಿಹೋಗುವುದಿಲ್ಲ. ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಕಸರತ್ತು ಮಾಡುವವರಿಗೆ ಇದಕ್ಕಿಂತ ಜಾಸ್ತಿ ಬೇಕು.

ಹೆಚ್ಚಾದದ್ದನ್ನು ದೇಹ ಕೂಡಿಡುವುದಿಲ್ಲ. ಕೊಬ್ಬಿಗೆ ಇರುವಂಥ ಉಗ್ರಾಣ ಪ್ರೋಟೀನ್‌ಗೆ ಇಲ್ಲ. ಹೆಚ್ಚುವರಿ ಮಣಿಗಳ ಸಾರಜನಕವನ್ನು ಯಕೃತ್ತು ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಹೊರಹಾಕುತ್ತದೆ. ಉಳಿದ ಭಾಗ ಶಕ್ತಿಯಾಗಿ ಉರಿಯುತ್ತದೆ ಇಲ್ಲವೇ ಕೊಬ್ಬಾಗುತ್ತದೆ. ಅದಕ್ಕೇ ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪೌಡರ್ ಮುಟ್ಟಬಾರದು. ಕಡಿಮೆಯಾದರೆ ದೇಹ ತನ್ನ ಸ್ನಾಯುವನ್ನೇ ಬಿಚ್ಚಿ ಮಣಿ ತೆಗೆದುಕೊಳ್ಳುತ್ತದೆ. ಬಿಚ್ಚುವುದು, ಪೋಣಿಸುವುದು ಹೇಗೂ ಸದಾ ನಡೆದೇ ಇದೆ. ನಾವು ತಿನ್ನುವುದು 50-60 ಗ್ರಾಂ ಇದ್ದರೆ, ಮೈಯೊಳಗೆ ದಿನಕ್ಕೆ 250-300 ಗ್ರಾಂನಷ್ಟು ಹಳೆಯ ಪ್ರೋಟೀನ್ ಬಿಚ್ಚಿ ಹೊಸದಾಗುತ್ತದೆ. ಕೆಲವು ಪ್ರೋಟೀನ್‌ಗಳ ಆಯುಸ್ಸು ನಿಮಿಷಗಳು ಮಾತ್ರ. ಕಣ್ಣಿನ ಮಸೂರದ ನಡುಭಾಗದ ಪ್ರೋಟೀನ್‌ಗಳು ಇದಕ್ಕೆ ಹೊರತು. ಹುಟ್ಟುವ ಮುಂಚೆ ತಯಾರಾದವು ಸಾಯುವವರೆಗೆ ಬದಲಾಗುವುದೇ ಇಲ್ಲ. ವಯಸ್ಸಾದಂತೆ ಅವುಗಳ ಮಡಿಕೆ ಸಡಿಲವಾಗಿ ಒಂದಕ್ಕೊಂದು ಅಂಟಿಕೊಂಡು ಮಬ್ಬಾಗುವುದೇ ಪೊರೆ.

ರಕ್ತದ ರಿಪೋರ್ಟ್‌ನಲ್ಲಿ ಆಲ್ಬುಮಿನ್

ಲ್ಯಾಬ್ ರಿಪೋರ್ಟ್‌ನಲ್ಲಿ ಕಾಣುವ ಆಲ್ಬುಮಿನ್ ರಕ್ತದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್. ತಯಾರಾಗುವುದು ಯಕೃತ್ತಿನಲ್ಲಿ. 100 ಮಿಲಿ ರಕ್ತದ್ರವದಲ್ಲಿ 3.5ರಿಂದ 5 ಗ್ರಾಂ ಇದ್ದರೆ ಸಹಜ. ರಕ್ತನಾಳದಿಂದ ನೀರು ಹೊರಗೆ ಸೋರದಂತೆ ಹಿಡಿದಿಡುವುದು ಇದರ ಮುಖ್ಯ ಕೆಲಸ. ತೀರಾ ಇಳಿದರೆ ಕಾಲು ಊದಿಕೊಳ್ಳುತ್ತದೆ. ಇಳಿದಿದೆ ಎಂದ ಕೂಡಲೇ ಊಟದಲ್ಲಿ ಪ್ರೋಟೀನ್ ಸಾಲದು ಎಂದುಕೊಳ್ಳುವವರು ಬಹಳ. ಆದರೆ ಯಕೃತ್ತು ಸೋತಿದ್ದರೂ, ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೂ, ಮೂತ್ರಪಿಂಡದಲ್ಲಿ ಸೋರುತ್ತಿದ್ದರೂ ಅದು ಇಳಿಯುತ್ತದೆ, ಆಗ ಪೌಡರ್‌ನಿಂದ ಸರಿಹೋಗುವುದಿಲ್ಲ. ಆರೋಗ್ಯವಾದ ಮೂತ್ರಪಿಂಡ ಆಲ್ಬುಮಿನನ್ನು ಹೊರಗೆ ಬಿಡುವುದಿಲ್ಲ. ಮೂತ್ರದಲ್ಲಿ ದಿನವೂ ನೊರೆ ನಿಲ್ಲುತ್ತಿದ್ದರೆ ಸೋರಿಕೆಯ ಅನುಮಾನ ಪಡಬೇಕು. ಸೋರಿಕೆ ಶುರುವಿನಲ್ಲಿ ಕಣ್ಣಿಗೆ ಕಾಣದಷ್ಟು ಕಡಿಮೆ ಇರುವುದರಿಂದ, ಸಕ್ಕರೆ ಕಾಯಿಲೆ ಇರುವವರಿಗೆ ವೈದ್ಯರು ವರ್ಷಕ್ಕೊಮ್ಮೆಯಾದರೂ ಮೂತ್ರದ ಆಲ್ಬುಮಿನ್ ಪರೀಕ್ಷೆ ಬರೆದುಕೊಡುತ್ತಾರೆ.